ಮಲಗಪ್ಪನ ಕಾಲ್ದೆಸೆ

ಬಸ್ಸು ಹೆಬ್ಬೂರು ದಾಟುವವರೆಗೂ ಮಂಗಳಗೌರಿ ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡಿದ್ದಳು. ವಾಸನೆ ತನಗೆ ಬರುತ್ತಿದೆಯೋ ಇಲ್ಲವೋ ಅವಳಿಗೆ ಖಾತ್ರಿಯಿರಲಿಲ್ಲ. ಬೇರೆಯವರಿಗೆ ಬರುತ್ತಿದೆ ಎಂಬುದು ಮಾತ್ರ ಖಾತ್ರಿಯಿತ್ತು. ಪಕ್ಕದಲ್ಲಿ ನಾದಿನಿ ಶಶಿಕಲಾ, ಅವಳ ತೊಡೆಯ ಮೇಲೆ ಬಟ್ಟೆಯಂಗಡಿಯ ಹಳದಿ ಕೈಚೀಲ, ಚೀಲದೊಳಗೆ ಶಶಿಕಲಾಳ ಗಂಡ ಭಾನುಪ್ರಕಾಶನ ದುಪ್ಪಟಿ. ಬೆಳ್ಳಾವಿಯ ಮನೆಯಲ್ಲಿ ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಬಿದ್ದು, ಎರಡು ತಿಂಗಳಿಂದ ಕಣ್ಣು ತೆರೆದಿದ್ದರೂ ಯಾರನ್ನೂ ನೋಡದೆ ಮಲಗಿದವನು ಹೊದ್ದುಕೊಂಡಿದ್ದ ದುಪ್ಪಟಿ. ಅದನ್ನು ಒಗೆಯಬಾರದು. ಮಲಗಿದವರ ಬೆವರು, ಗಂಜಿಯ ಕಲೆ, ಔಷಧಿಯ ಘಾಟು ಎಲ್ಲ ಇದ್ದರೇನೇ ಮಲಗಪ್ಪನಿಗೆ ಇದು ಇಂಥವರದ್ದು ಅಂತ ಗುರುತು ಸಿಗುವುದು ಎಂದು ಅಮೃತೂರಿನ ಕಡೆಯವರು ಹೇಳುತ್ತಾರೆ. ಮುಂದಿನ ಸೀಟಿನಲ್ಲಿ ಕೂತಿದ್ದ, ಮುಡಿ ತುಂಬ ಕನಕಾಂಬರ ಮುಡಿದಿದ್ದ ಹೆಂಗಸು ಎರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡು, ಮೂರನೆಯ ಸಲ ತಿರುಗಿಯೇ ಬಿಟ್ಟಳು.

"ಏನವ್ವಾ ಚೀಲದಲ್ಲಿ, ಒಣಮೀನಾ?"

"ಶಿವ ಶಿವಾ, ನಾವು ಅಂಥೋರಲ್ಲ ಕಣಮ್ಮಾ," ಎಂದು ಶಶಿಕಲಾ ಹಣೆಯ ವಿಭೂತಿಯನ್ನೇ ಮುಟ್ಟಿ ತೋರಿಸಿದಳು. "ನಮ್ಮೆಜಮಾನ್ರ ದುಪ್ಪಟಿ. ಮಲಗಪ್ಪನ ಗುಡ್ಡಕ್ಕೆ ಹೊರಟಿದೀವಿ."

ಆ ಹೆಂಗಸಿನ ಮುಖ ಒಮ್ಮೆಲೇ ಬದಲಾಯಿತು. ಕೈ ಚಾಚಿ ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಎದ್ದೇಳ್ತಾರೆ ಬುಡವ್ವ. ನಮ್ಮ ದೊಡ್ಡಪ್ಪ ಎದ್ದವ್ರೆ. ಆರು ತಿಂಗ್ಳು ಬಾಯಿ ಬುಡ್ದೆ ಮಲ್ಗಿದ್ದೋರು, ಈಗ ನಮ್ಮ ದೊಡ್ಡಮ್ಮಂಗೆ ಬಯ್ಯೋದೇನು, ಬೀದಿ ನಾಯಿಗೆ ಬಯ್ಯೋದೇನು. ಮಲ್ಗಿದ್ದಾಗ್ಲೇ ಚೆಂದಾಗಿತ್ತು ಅಂತದೆ ನಮ್ಮ ದೊಡ್ಡಮ್ಮ!" ಅವಳು ನಕ್ಕಳು, ಶಶಿಕಲಾಳೂ ಎರಡು ತಿಂಗಳಲ್ಲಿ ಮೊದಲ ಸಲವೇನೋ ಎಂಬಂತೆ ನಕ್ಕಳು, ನಕ್ಕು ಮಂಗಳಗೌರಿಯ ಕಡೆ ನೋಡಿದಳು. ಮಂಗಳಗೌರಿಗೂ ನಗಬೇಕಾಯಿತು. ನಗುತ್ತಲೇ ಕತ್ತು ಬಗ್ಗಿಸಿ, ಯಾರಿಗೂ ಗೊತ್ತಾಗದ ಹಾಗೆ, ತನ್ನ ರವಿಕೆಯ ತೋಳನ್ನು ಮೂಸಿಕೊಂಡಳು.

ಈ ಮೂಸಿಕೊಳ್ಳುವ ಚಾಳಿ ಅಂಟಿಕೊಂಡು ವರ್ಷದ ಮೇಲಾಯಿತು. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಟಲಿ ಮುಚ್ಚಳ ಮಾಡುವ ಒಂದು ಸಣ್ಣ ಫ್ಯಾಕ್ಟರಿ. ಅದರ ಪ್ಯಾಕಿಂಗ್ ಮೇಜಿನ ಮುಂದೆ ಹನ್ನೆರಡು ವರ್ಷದಿಂದ ಅವಳು ಕೂತಿದ್ದಾಳೆ. ನೀಲಿ ಮುಚ್ಚಳ, ಬಿಳಿ ಮುಚ್ಚಳ, ಓರೆ ಬಂದದ್ದನ್ನು ಆರಿಸಿ ಪಕ್ಕಕ್ಕೆ ಹಾಕಬೇಕು. ಕೆಲಸ ಅಷ್ಟೇ, ಆದರೆ ಜೊತೆಗೆ ಕೂತವರ ಮಾತು, ಮಧ್ಯಾಹ್ನ ಡಬ್ಬಿ ಬಿಚ್ಚಿ ಹಂಚಿಕೊಳ್ಳುವ ಉಪ್ಪಿನಕಾಯಿ, ಇದಕ್ಕೆಲ್ಲ ಅವಳು ಬೆಳಿಗ್ಗೆ ಏಳುತ್ತಿದ್ದಳು ಎಂದರೂ ತಪ್ಪಲ್ಲ. ಹೋದ ವರ್ಷ ಕಾರ್ತೀಕ ಮಾಸದ ಒಂದು ದಿನ, ಸೂಪರ್‌ವೈಸರ್ ಮಾಲಿನಿ ಎಂಬ ಇಪ್ಪತ್ತೆಂಟರ ಹುಡುಗಿ ಅವಳನ್ನು ಸ್ಟೋರ್ ರೂಮಿಗೆ ಕರೆದು ಬಾಗಿಲು ಅರ್ಧ ಮುಚ್ಚಿದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮನೇಲಿ ಪೇಷೆಂಟ್ ಇದಾರೆ, ಗೊತ್ತು. ನಮ್ಮಜ್ಜೀನೂ ಹಂಗೇ ಇದ್ರು. ಆದ್ರೆ ಲೈನಲ್ಲಿ ಕೂರೋರು ಒಂಥರಾ ಹೇಳ್ತಾವ್ರೆ…" ಎಂದು, ಬ್ಯಾಗಿನಿಂದ ಒಂದು ಪುಟ್ಟ ಪೌಡರ್ ಡಬ್ಬಿ ತೆಗೆದು ಅವಳ ಕೈಯಲ್ಲಿಟ್ಟಳು. ಮಲ್ಲಿಗೆ ಹೂವಿನ ಚಿತ್ರದ ಡಬ್ಬಿ. ಬಯ್ದಿದ್ದರೆ ಮಂಗಳಗೌರಿಯೂ ಬಯ್ಯುತ್ತಿದ್ದಳು. ಆ ಹುಡುಗಿಯ ಕಣ್ಣಲ್ಲಿ ನೀರಿತ್ತು. ಥ್ಯಾಂಕ್ಸ್ ಕಣಮ್ಮಾ ಎಂದು ಹೇಳಿ ಬಂದು ಮೇಜಿಗೆ ಕೂತಾಗ, ಹನ್ನೆರಡು ವರ್ಷ ಜೊತೆಗೆ ಉಂಡ ನಾಲ್ವರು ಹೆಂಗಸರೂ ಮುಚ್ಚಳಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಹಾಗಾದರೆ ಎಷ್ಟು ದಿನದಿಂದ? ಉಪ್ಪಿನಕಾಯಿಗೆ ಕೈ ಚಾಚಿದಾಗಲೆಲ್ಲ ಇವರು ಉಸಿರು ಹಿಡಿದುಕೊಂಡಿದ್ದರೇ?

ಮನೆಗೆ ಬಂದರೆ ಅತ್ತೆ ತಿಪ್ಪಮ್ಮ ಎಂದಿನ ಹಾಗೆ ಕರೆದಳು. "ಗೌರೀ, ಬಂದ್ಯಾ? ಬಸ್ ಸಿಕ್ತಾ?" ಸೊಂಟ ಮುರಿದು ನಾಲ್ಕು ವರ್ಷದಿಂದ ಮಂಚ ಹಿಡಿದಿದ್ದವಳು. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಿತ್ತು. ಆದರೆ ತಿಪ್ಪಮ್ಮ ಕೆಟ್ಟವಳಲ್ಲ, ಬಟ್ಟೆ ಬದಲಿಸುವಾಗ ಕಣ್ಣು ಮುಚ್ಚಿಕೊಂಡು "ನಿನ್ ಕೈ ಸೇದೋಗ್ಲಿಲ್ವಲ್ಲ ತಾಯಿ, ಇಂಥಾದ್ ಮಾಡಿ ಮಾಡಿ" ಎನ್ನುವವಳು. ಅವತ್ತೂ ಹಾಗೇ ಅಂದಳು. ಮಂಗಳಗೌರಿ ಆ ಪೌಡರನ್ನು ಕುತ್ತಿಗೆಗೆ, ಕಂಕುಳಿಗೆ, ಕೈಗೆ ಬಳಿದುಕೊಂಡು, ಉಳಿದದ್ದನ್ನು ಅತ್ತೆಯ ಬೆನ್ನಿಗೆ ಸುರಿದಳು. "ಅಯ್ಯ, ಘಮ್ಮಂತದಲ್ಲೇ! ಮದುವಣಗಿತ್ತಿ ಮಾಡ್ಬುಟ್ಟೆ ನನ್ನ," ಎಂದು ತಿಪ್ಪಮ್ಮ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅದಾಗಿ ಮೂರನೆಯ ದಿನ, ಮನೆಯವರೆಲ್ಲ ಸೇರಿ ಕಳಿಸಿಕೊಟ್ಟಿದ್ದಕ್ಕೆ, ಮಂಗಳಗೌರಿ ಒಬ್ಬಳೇ ಅತ್ತೆಯ ಕಂದುಪಟ್ಟಿಯ ದುಪ್ಪಟಿ ಹಿಡಿದು ಇದೇ ದಾರಿಯಲ್ಲಿ ಬಂದಿದ್ದಳು.

ಕುಣಿಗಲ್ಲಿನಲ್ಲಿ ಇಳಿದು ಅಮೃತೂರಿನ ಪ್ರೈವೇಟ್ ಬಸ್ಸು ಹತ್ತಬೇಕು. ಬಸ್ ಸ್ಟಾಂಡಿನ ಹೊರಗೆ, ತಳ್ಳುಗಾಡಿಯ ಮೇಲೆ ದುಪ್ಪಟಿ, ಟವಲು, ಕಾಲೊರಸು ಗುಡ್ಡೆ ಹಾಕಿ ಮಾರುವವನು ಇವತ್ತೂ ಇದ್ದ. ಮಂಗಳಗೌರಿ ಶಶಿಕಲಾಳನ್ನು ರಸ್ತೆಯ ಆಚೆ ಬದಿಯಿಂದ ನಡೆಸಿಕೊಂಡು ಹೋದಳು. "ಈ ಕಡೆ ಯಾಕತ್ಗೆ, ಬಸ್ ಆ ಕಡೆ ನಿಂತೈತಲ್ಲ?" "ನೆರಳೈತೆ ಬಾ." ನೆರಳಿರಲಿಲ್ಲ. ಆ ಗಾಡಿಯವನಿಗೆ ತನ್ನ ನೆನಪಿರುವುದು ಸಾಧ್ಯವೇ ಇಲ್ಲ, ದಿನಕ್ಕೆ ನೂರು ಜನ ಬರುತ್ತಾರೆ. ಆದರೂ ಅವನು ತಲೆಯೆತ್ತಿ, ಏನಮ್ಮಾ, ಅವತ್ತು ಕಂದುಪಟ್ಟಿದೇ ಬೇಕು ಅಂತ ಗುಡ್ಡೆಯೆಲ್ಲ ಕೆದಕಿ ತಗೊಂಡು ಹೋದೆಯಲ್ಲ, ಯಾರಿಗೂ ಗೊತ್ತಾಗಲಿಲ್ಲ ತಾನೆ ಎಂದು ಕೇಳಿಬಿಟ್ಟರೆ?

ಯಾಕೆಂದರೆ ಮಲಗಪ್ಪನ ಕಟ್ಟಳೆ ಹೀಗಿದೆ, ಮತ್ತು ಅದನ್ನು ಮಂಗಳಗೌರಿಗೆ ಹೇಳಿಕೊಟ್ಟವಳು ತಿಪ್ಪಮ್ಮನೇ. ಅವಳ ತವರು ಅಮೃತೂರಿನ ಹತ್ತಿರದ ಹಳ್ಳಿ. ಇನ್ನೂ ಓಡಾಡಿಕೊಂಡಿದ್ದ ಕಾಲದಲ್ಲಿ, ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಹೇಳಿದ್ದಳು. ಶಿಂಷಾ ನದಿ ಬಳಸಿಕೊಂಡು ಹೋಗುವ ಗುಡ್ಡದ ಬಂಡೆಯಲ್ಲಿ ಎರಡಾಳುದ್ದದ ಅಪ್ಪ ಮಗ್ಗುಲಾಗಿ ಮಲಗಿದ್ದಾನೆ. ಹಾಸಿಗೆ ಹಿಡಿದವರ ದುಪ್ಪಟಿಯನ್ನು ಅವನ ತಲೆದೆಸೆಗೆ ಹೊದಿಸಿದರೆ 'ಎಬ್ಬಿಸು' ಅಂತ ಕೇಳಿದ ಹಾಗೆ. ಆ ದುಪ್ಪಟಿಯನ್ನು ವಾಪಸು ತಂದು ಮಲಗಿದವರಿಗೇ ಹೊದಿಸಬೇಕು. ಕಾಲ್ದೆಸೆಗೆ ಹೊದಿಸಿದರೆ 'ಕರಕೋ' ಅಂತ; ಆ ದುಪ್ಪಟಿ ಮನೆಗೆ ಬರುವುದಿಲ್ಲ, ನದಿಗೆ ಹೋಗುತ್ತದೆ. "ಅದೇನು ಪಾಪವಲ್ಲ ಕಣೇ. ನೋವು ತಿನ್ನೋ ಜೀವ. ಆದ್ರೆ ಮನೇರೆಲ್ಲಾ ಕೂತು ಮಾತಾಡ್ಕೊಂಡು, ಮಲ್ಗಿರೋರ್ನೂ ಒಂದ್ಮಾತ್ ಕೇಳ್ಕೊಂಡು ಬರ್ಬೇಕು. ಕೇಳ್ದಲೆ ಹಾಕುದ್ರೆ ಅದು ಕಳ್ತನ." ಹೀಗೆಂದು ತಿಪ್ಪಮ್ಮ ಹುಳುಕು ಕಾಯನ್ನು ಅಂಗಳಕ್ಕೆ ಎಸೆದಿದ್ದಳು. ಎಸೆದ ಕಾಯಿಗೆ ಕೋಳಿ ಓಡಿ ಬಂದದ್ದು ಕೂಡ ಮಂಗಳಗೌರಿಗೆ ಈಗ ಕಾಣುತ್ತದೆ.

ಮನೆಯವರು ಕಳಿಸಿದ್ದು ತಲೆದೆಸೆಗೆ. ಅವಳು ಹೊದಿಸಿದ್ದು ಕಾಲ್ದೆಸೆಗೆ. ಯಾರನ್ನೂ ಕೇಳಲಿಲ್ಲ. ಕುಣಿಗಲ್ಲಿನಲ್ಲಿ ಅಂಥದ್ದೇ ಇನ್ನೊಂದು ದುಪ್ಪಟಿ ಕೊಂಡು, ಊರಾಚೆ ಮಣ್ಣಿಗೆ ನಾಲ್ಕು ಸಲ ಕೊಡವಿ, ಮನೆಗೆ ತಂದು ಅತ್ತೆಗೆ ಹೊದಿಸಿದಳು. ಹನ್ನೊಂದನೆಯ ದಿನ ತಿಪ್ಪಮ್ಮ ಹೋದಳು. ಮಣ್ಣಿಗೆ ಬಂದವರೆಲ್ಲ ಮಂಗಳಗೌರಿಯ ಕೈಹಿಡಿದು, "ಹೆತ್ತ ಮಗಳೂ ಮಾಡಲ್ಲ, ನೀನು ಮಾಡ್ದೆ. ಗುಡ್ಡಕ್ಕೂ ಹೋಗಿ ಬಂದೆ. ಆಯಸ್ಸು ಇರ್ಲಿಲ್ಲ, ಯಾರೇನ್ ಮಾಡಕಾಯ್ತದೆ," ಎಂದರು. ಗಂಡ ಚನ್ನವೀರಯ್ಯನಂತೂ ಎಲ್ಲರೆದುರು ಅವಳ ಹೆಗಲ ಮೇಲೆ ಕೈಯಿಟ್ಟು ಅತ್ತ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವನು ಎಲ್ಲರೆದುರು ಅವಳನ್ನು ಮುಟ್ಟಿದ್ದು ಅದೊಂದೇ ಸಲ.

ಅತ್ತೆಯ ನರಳಾಟ ನೋಡಲಾಗದೆ ಹಾಕಿದೆ ಎಂದುಕೊಂಡರೆ ಮುಗಿದುಹೋಗುತ್ತಿತ್ತು. ಎಷ್ಟೋ ಸಲ ಹಾಗೆ ಅಂದುಕೊಳ್ಳಲು ಹೊರಡುತ್ತಾಳೆ. ಅಷ್ಟರಲ್ಲಿ ಮಲ್ಲಿಗೆ ಚಿತ್ರದ ಡಬ್ಬಿ ಅಡ್ಡ ಬರುತ್ತದೆ.

ಅಮೃತೂರಿನಿಂದ ಆಟೋ. ಆಟೋದವನು ಗುಡ್ಡದ ಬುಡದಲ್ಲಿ ಇಳಿಸಿ, "ಈಗ ಟೂರಿಸ್ಟ್ ಪ್ಲೇಸ್ ಆಗ್ಬುಟ್ಟೈತೆ ಕಣಕ್ಕ, ಬೇಗ ಬಂದ್ಬುಡಿ, ವಾಪಸ್ ಆಟೋ ಸಿಗಲ್ಲ," ಎಂದ. ಗುಡ್ಡ ಅಂಥ ಎತ್ತರದ್ದಲ್ಲ. ಹೊಂಗೆ ಮರಗಳ ನಡುವೆ ಸವೆದ ಮೆಟ್ಟಿಲು, ಹತ್ತಿದಂತೆಲ್ಲ ಕೆಳಗೆ ನದಿ ಬಾಗಿ ಬಾಗಿ ಕಾಣುತ್ತದೆ. ಈ ಸಲ ಮಳೆ ಚೆನ್ನಾಗಿ ಆಗಿದ್ದರಿಂದ ಮಾಘದಲ್ಲೂ ನೀರಿತ್ತು. ಬಿಸಿಲಿಗೆ ಹೊಳೆಯುವ ನೀರಿನ ನಡುವೆ ಒಂದೊಂದು ಬಂಡೆ, ಬಂಡೆಗೊಂದು ಬೆಳ್ಳಕ್ಕಿ. ಆಚೆ ದಡದಲ್ಲಿ ತೆಂಗು. ಇಷ್ಟು ಚೆಂದದ ಜಾಗ ಇದು ಎಂಬುದು ಹೋದ ಸಲ ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ನೆನಪಿದ್ದದ್ದು ಮೆಟ್ಟಿಲುಗಳು ಮಾತ್ರ, ಪ್ರತಿ ಮೆಟ್ಟಿಲಲ್ಲೂ ತಲೆದೆಸೆ, ಕಾಲ್ದೆಸೆ, ತಲೆದೆಸೆ, ಕಾಲ್ದೆಸೆ ಎಂದು ಎಣಿಸಿಕೊಂಡು ಹತ್ತಿದ್ದು. ಇವತ್ತು ಮೇಲೆ ಯಾವುದೋ ಜೋಡಿಯ ಮದುವೆಗೆ ಮುಂಚಿನ ಫೋಟೋ ತೆಗೆಯುತ್ತಿದ್ದರು. ಕೆಂಪು ಗೌನಿನ ಹುಡುಗಿಯ ಸೆರಗಿನಂಥ ಬಾಲವನ್ನು ಒಬ್ಬ ಎತ್ತಿ ಗಾಳಿಗೆ ಬಿಡುತ್ತಿದ್ದ. "ಸರ್, ನೀವು ನದಿ ನೋಡಿ, ಮೇಡಂ ನಿಮ್ಮನ್ನ ನೋಡ್ಲಿ!" ಶಶಿಕಲಾ ಉಬ್ಬಸದಿಂದ ಚೀಲವನ್ನು ಎದೆಗವುಚಿಕೊಂಡು ಅವರ ನಡುವೆಯೇ ನಡೆದು ಹೋದಳು. ಕೆಂಪು ಗೌನಿನ ಹುಡುಗಿ ದಾರಿ ಬಿಟ್ಟಳು. ಮೂಗು ಮುಚ್ಚಿಕೊಂಡಳೇ? ಇಲ್ಲ, ಕೂದಲು ಸರಿಮಾಡಿಕೊಂಡಳು ಅಷ್ಟೆ.

ಚಾಚಿದ ಬಂಡೆಯ ಕೆಳಗೆ ಮಲಗಪ್ಪ. ಬಲ ಮಗ್ಗುಲಿಗೆ, ಒಂದರ ಮೇಲೊಂದು ಕಾಲಿಟ್ಟು, ಗಾಳಿ ಮಳೆಗೆ ಸವೆದು ಸವೆದು ಬಟ್ಟೆಯ ನಿರಿಗೆ ಯಾವುದು ಮೈ ಯಾವುದು ತಿಳಿಯದ ಹಾಗೆ. ಅವನ ಹಿಂದೆ ಗೋಡೆಯಲ್ಲಿ ಸಾಲಾಗಿ ಮೊಣಕಾಲೆತ್ತರದ ಜನ, ಕೆನ್ನೆಗೆ ಕೈಕೊಟ್ಟು ಕೂತವರು, ತಲೆ ಬಗ್ಗಿಸಿದವರು. ಮಲಗಪ್ಪನ ಮಕ್ಕಳು, ಏಳಪ್ಪಾ ಏಳಪ್ಪಾ ಅಂತ ಅಳುತ್ತಿವೆ ಎಂದು ತಿಪ್ಪಮ್ಮ ಹೇಳುತ್ತಿದ್ದಳು. ಅದರಲ್ಲಿ ಕೊನೆಯವನೊಬ್ಬ ಮಾತ್ರ ಅಳುತ್ತಿಲ್ಲ, ಮಲಗಿದವನಿಗೆ ಬೆನ್ನು ಮಾಡಿ ಹೊರಗೆ ನದಿಯ ಕಡೆ ನೋಡುತ್ತಿದ್ದಾನೆ. ಹೋದ ಸಲ ಮಂಗಳಗೌರಿ ದುಪ್ಪಟಿ ಬಿಡಿಸುವಾಗ ಅವನೊಬ್ಬನೇ ನೋಡದವನು ಎಂದು ಸಮಾಧಾನಪಟ್ಟುಕೊಂಡಿದ್ದಳು. ಮರದ ಕಡೆಯ ತುದಿಯಲ್ಲಿ, ಅರಿಶಿನ ಎಣ್ಣೆ ಬಳಿದು ಬಳಿದು ನುಣ್ಣಗೆ ಹೊಳೆಯುವ ಉಂಡೆಗಲ್ಲು, ಅದು ತಲೆ. ನದಿಯ ಕಡೆಯ ತುದಿಯಲ್ಲಿ ಎರಡು ಮಡಿಕೆಯ ಹಾಗೆ ಉಬ್ಬಿದ್ದು ಕಾಲು. ಎಲ್ಲ ಹಾಗೇ ಇತ್ತು. ಎದುರಿಗೆ ಕಬ್ಬಿಣದ ಕಾಲುಗಳ ಮೇಲೆ ನಿಂತ ನೀಲಿ ಬೋರ್ಡು ಮಾತ್ರ ಹೊಸದು.

ಬೋರ್ಡಿನ ಪಕ್ಕದಲ್ಲಿ ಕೂತಿದ್ದಳು ನರಸಿಂಹಮ್ಮ, ಮೂವತ್ತು ವರ್ಷದಿಂದ ಮಲಗಪ್ಪನಿಗೆ ದೀಪ ಹಚ್ಚುವ ಮುದುಕಿ. ಶಶಿಕಲಾ ಚೀಲವನ್ನು ಮುಂದಿಟ್ಟು ಕೈಮುಗಿದಳು. "ಯಜಮಾನ್ರದು. ತಲೆದೆಸೆಗೆ."

"ತಲೆದೆಸೆಗೆ ಅಂದ್ರೆ ಯಾವ ಕಡಿಗವ್ವಾ?" ಎಂದಳು ನರಸಿಂಹಮ್ಮ.

"ಯಾವ ಕಡಿಗೆ ಅಂದ್ರೆ? ಅರಿಶ್ನ ಐತಲ್ಲ, ಆ ಕಡೆ."

"ಅಯ್ಯೋ ಅದೇ ಈಗ ಗಲಾಟೆ ಆಗಿರೋದು! ಏಳ್ ತಿಂಗ್ಳಾಯ್ತು. ಟೇಪ್ ಹಿಡ್ಕೊಂಡು ಬಂದಿದ್ರು, ನಾಕ್ ಜನ, ಒಂದ್ ಹುಡುಗಿ ಚಡ್ಡಿ ಹಾಕ್ಕೊಂಡಿದ್ಲು, ಒಳ್ಳೆ ಹುಡುಗಿ, ನಂಗೆ ಬಿಸ್ಕತ್ತು ಕೊಟ್ಲು. ಅಳ್ದು ಅಳ್ದು ಏನಂದ್ರು ಗೊತ್ತಾ? ಇದು ಬುದ್ಧನಂತೆ. ಪ್ರಾಣ ಬುಡೋ ಹೊತ್ನಲ್ಲಿ ಹಿಂಗೆ ಮಲ್ಗಿದ್ನಂತೆ. ತಲೆ ಇರೋದು ನದಿ ಕಡಿಗಂತೆ, ಆ ಮಡಿಕೆ ಐತಲ್ಲ, ಅದು ದಿಂಬು, ತಲೆ ಕೆಳುಗ್ ಇಟ್ಕೊಂಡಿರೋ ಕೈಯಿ. ನಾನು ಮೂವತ್ತು ವರ್ಷದಿಂದ ಅರಿಶ್ನ ಬಳ್ದು ತಲೆಗೆ ಎಣ್ಣೆ ಒತ್ತುದ್ನಲ್ಲ, ಅದು ಪಾದವಂತೆ ಕಣವ್ವಾ, ಪಾದ! ನಮ್ಮತ್ತೆನೂ ಪಾದಕ್ಕೇ ಒತ್ತುದ್ಲಂತೆ, ಅವ್ರತ್ತೆನೂ ಪಾದಕ್ಕೇ ಒತ್ತುದ್ಲಂತೆ." ನರಸಿಂಹಮ್ಮ ಎಲೆಯಡಿಕೆಯ ಬಾಯಿ ಬಿಟ್ಟು ನಕ್ಕಳು. "ಹೋಗ್ಲಿ ಬುಡು, ಕಾಲ್ ಒತ್ತುದ್ರೂ ಪುಣ್ಯವೇಯ."

"ಮತ್ತೆ ಈಗ ಜನ ಯಾವ ಕಡೆ ಹಾಕ್ತಾರೆ?" ಶಶಿಕಲಾ ಚೀಲವನ್ನು ಮತ್ತೆ ಎತ್ತಿಕೊಂಡಳು.

"ಓದಿರೋರು ಬೋರ್ಡ್ ಪ್ರಕಾರ. ಓದ್ದೆ ಇರೋರು ಅಮ್ಮಂದ್ರು ಹೇಳಿದ್ ಪ್ರಕಾರ. ಒಬ್ಬ ಮೇಷ್ಟ್ರು ಬಂದು ದುಪ್ಪಟೀನೇ ಹರಿದು ಎರಡೂ ಕಡಿಗೂ ಹಾಕ್ಬುಟ್ಟ. ಅವ್ರವ್ವ ಎದ್ದೂ ಇಲ್ಲ ಹೋಗೂ ಇಲ್ಲ, ಹಂಗೇ ಅವ್ಳೆ."

ಮಂಗಳಗೌರಿ ಬೋರ್ಡಿನ ಮುಂದೆ ನಿಂತಿದ್ದಳು. ಬಿಳಿ ಅಕ್ಷರಗಳನ್ನು ಒಂದೊಂದಾಗಿ ಓದಿದಳು, ಫ್ಯಾಕ್ಟರಿಯಲ್ಲಿ ಓರೆ ಮುಚ್ಚಳ ಹುಡುಕುವ ಹಾಗೆ. 'ಶಿರೋಭಾಗವು ನದಿಯ ದಿಕ್ಕಿಗಿದೆ.' ಹಾಗಾದರೆ ತಾನು ಹಾಕಿದ್ದು ತಲೆದೆಸೆಗೆ. ಹಾಗಾದರೆ ತಾನು ಕೇಳಿದ್ದು ಎಬ್ಬಿಸು ಅಂತಲೇ. ಎದೆಯೊಳಗಿನಿಂದ ಏನೋ ಕಳಚಿಬಿದ್ದ ಹಾಗೆ, ಶಾಲೆಯಲ್ಲಿ ತಪ್ಪು ಲೆಕ್ಕಕ್ಕೆ ಮೇಷ್ಟ್ರು ಮರೆತು ಸರಿ ಗುರುತು ಹಾಕಿಕೊಟ್ಟ ಹಾಗೆ, ಕಾಲು ಹಗುರಾಯಿತು. ನಗು ಬಂತು. ಒಂದು ಕ್ಷಣ ನದಿ ಕೂಡ ಬೇರೆ ಬಣ್ಣಕ್ಕೆ ಹೊಳೆಯಿತು. ಅಷ್ಟು ಹೊತ್ತು ಸಾಕಾಯಿತು, ಅವಳ ನಗುವಿಗೆ ಅವಳಿಗೇ ಅಸಹ್ಯವಾಗಲು. ಅವತ್ತು ಆ ಮಡಿಕೆಗಲ್ಲಿನ ಮೇಲೆ ದುಪ್ಪಟಿ ಹೊದಿಸಿ, ಹಣೆಯೂರಿ, "ಕರಕೋ, ನನ್ನ ಕೈಲಾಗಲ್ಲ, ಕರಕೊಂಡ್ಬಿಡು" ಎಂದಿದ್ದ ಬಾಯಿ ಈ ಬಾಯೇ. ಬೋರ್ಡು ಬರೆದವರು ಕಲ್ಲನ್ನು ಅಳೆದಿದ್ದರು.

"ಅತ್ಗೇ." ಶಶಿಕಲಾ ದುಪ್ಪಟಿಯನ್ನು ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ಹತ್ತಿರ ಬಂದಿದ್ದಳು. "ನಂಗೊಂದು ಯೋಚ್ನೆ ಬಂತು. ಅವ್ವಂದು ನೀವು ಯಾವ ಕಡೆ ಹಾಕಿದ್ರಿ?"

"ಅರಿಶ್ನದ ಕಡೆ," ಎಂದಳು ಮಂಗಳಗೌರಿ. ಅವಳು ಹೇಳಲಿಲ್ಲ, ನಾಲಿಗೆ ಹೇಳಿತು. ವರ್ಷದಿಂದ ನೂರಾರು ಜನಕ್ಕೆ ಹೇಳಿ ಹೇಳಿ ಸವೆದ ಮಾತು.

"ಅದೇ ಮತ್ತೆ!" ಶಶಿಕಲಾಳ ಕಣ್ಣು ಮಿಂಚಿತು. "ಬೋರ್ಡೇ ನಿಜ ಅತ್ಗೆ. ಪಾಪ, ನಿಮಗೇನ್ ಗೊತ್ತು, ತಲೆ ಅಂತ ಪಾದದ ಮೇಲೆ ಹಾಕಿದ್ರಿ, ಅದಕ್ಕೇ ಅವ್ವ ಹನ್ನೊಂದೇ ದಿನಕ್ಕೆ ಹೋಗ್ಬಿಟ್ಲು. ನೀವೇನು ಬೇಕು ಅಂತ ಮಾಡಿದ್ದಲ್ಲ, ಮನಸಿಗೆ ಹಚ್ಕೋಬೇಡಿ. ನಾನು ನದಿ ಕಡಿಗೆ ಹಾಕ್ತೀನಿ." ಹೀಗೆಂದು ಅವಳು ತಿರುಗಿ ನಡೆದೇಬಿಟ್ಟಳು. ಮಲಗಪ್ಪನ ಉದ್ದಕ್ಕೂ, ಅಳುವ ಮಕ್ಕಳ ಮುಂದೆ, ನದಿಯ ಕಡೆಯ ತುದಿಗೆ.

ಕಲ್ಲು ಕಲ್ಲೇ, ಎಂದುಕೊಂಡಳು ಮಂಗಳಗೌರಿ. ದುಪ್ಪಟಿ ದುಪ್ಪಟಿಯೇ. ಭಾನುಪ್ರಕಾಶ ಏಳುವುದಿದ್ದರೆ ಡಾಕ್ಟರ ಔಷಧಿಗೆ ಏಳುತ್ತಾನೆ. ಸುಮ್ಮನಿದ್ದುಬಿಟ್ಟರೆ ಸಂಜೆ ಹೊತ್ತಿಗೆ ಮನೆ, ನಾಳೆ ಮತ್ತೆ ಮುಚ್ಚಳ. ಆದರೆ ಶಶಿಕಲಾ ಮಂಡಿಯೂರಿದ್ದು ಅದೇ ಜಾಗದಲ್ಲಿ, ತಾನು ಊರಿದ್ದ ಅದೇ ಸಣ್ಣ ತಗ್ಗಿನಲ್ಲಿ. ಅವಳು ದುಪ್ಪಟಿಯ ಒಂದು ಮಡಿಕೆ ಬಿಡಿಸಿದಳು. ಆ ವಾಸನೆ ಬಂಡೆಯ ಕೆಳಗೆಲ್ಲ ಹರಡಿತು. ಎರಡನೆಯ ಮಡಿಕೆ ಬಿಡಿಸಿದಳು. ಭಾನುಪ್ರಕಾಶ ಪ್ರತಿ ವರ್ಷ ಸಂಕ್ರಾಂತಿಗೆ ಬಂದು ಕೊಬ್ಬರಿ ಗಿಟುಕನ್ನು ತಾನೇ ಒಡೆದು, ಅಕ್ಕಾ, ಸಿಹಿ ನೋಡಿ ಎಂದು ಮೊದಲ ಚೂರು ತನ್ನ ಕೈಗೆ ಕೊಡುತ್ತಿದ್ದದ್ದು ನೆನಪಾಯಿತು. ಆ ತುದಿ ಒಬ್ಬರನ್ನು ಕರೆದುಕೊಂಡಿದೆ. ಬೋರ್ಡು ಏನಾದರೂ ಹೇಳಲಿ, ಆ ತುದಿಗೆ ಒಂದು ಸಲ ಹೇಳಿದ್ದು ಕೇಳಿಸಿದೆ.

"ಶಶಿ, ನಿಲ್ಲು. ಅಲ್ಲಿ ಹಾಕಬೇಡ."

"ಯಾಕೆ?"

"ಅತ್ತೇದು ನಾನು ಹಾಕಿದ್ದು ಅಲ್ಲಿ. ನೀನು ಕೂತಿರೋ ಜಾಗದಲ್ಲಿ."

ಶಶಿಕಲಾಳ ಕೈ ಹಾಗೇ ನಿಂತಿತು. "ಈಗ ಅರಿಶ್ನದ ಕಡೆ ಅಂದ್ರಿ?"

"ಸುಳ್ಳು ಹೇಳ್ದೆ."

"ಅವಾಗ ಬೋರ್ಡ್ ಇರ್ಲಿಲ್ವಲ್ಲ. ಅವಾಗ ಇದನ್ನ ಕಾಲು ಅಂತಿದ್ರಲ್ವಾ?" ಎಂದಳು ಶಶಿಕಲಾ, ಬಹಳ ನಿಧಾನವಾಗಿ, ತಾನೇ ಒಂದೊಂದು ಮೆಟ್ಟಿಲು ಇಳಿಯುವ ಹಾಗೆ. "ಕಾಲು ಅಂತ ಗೊತ್ತಿದ್ದೇ ಹಾಕಿದ್ರಾ?"

"ಹೂಂ."

"ಅಣ್ಣಂಗೆ ಗೊತ್ತಾ?"

"ಇಲ್ಲ."

"ಅವ್ವನ್ನ ಕೇಳಿದ್ರಾ?"

ನರಸಿಂಹಮ್ಮ ಇದ್ದಕ್ಕಿದ್ದಂತೆ ದೀಪದ ಬತ್ತಿ ಹೊಸೆಯುವುದರಲ್ಲಿ ಮುಳುಗಿಹೋದಳು. ಆಚೆ ಬಂಡೆಯ ಮೇಲಿಂದ, "ಸರ್, ಸ್ವಲ್ಪ ನಗಿ ಸರ್, ಮೇಡಂ ಪಕ್ಕದಲ್ಲಿದಾರೆ," ಎಂಬ ಕೂಗು ಬಂತು.

"ಇಲ್ಲ," ಎಂದಳು ಮಂಗಳಗೌರಿ.

ಬಯ್ಯುತ್ತಾಳೆ ಎಂದು ಕಾದಳು. ಬಯ್ದರೆ ಬಯ್ಯಲಿ, ಕೂದಲು ಹಿಡಿದು ಎಳೆಯಲಿ, ಅದಕ್ಕೊಂದು ಕೊನೆ ಇರುತ್ತದೆ. ಶಶಿಕಲಾ ದುಪ್ಪಟಿಯನ್ನು ಮತ್ತೆ ಮಡಿಸತೊಡಗಿದಳು, ಅಂಚಿಗೆ ಅಂಚು ಕೂಡಿಸಿ, ಅಂಗಡಿಯವರ ಹಾಗೆ. ಮಡಿಸುತ್ತಲೇ ಅಂದಳು: "ನಾಕ್ ವರ್ಷ ಹೇಲು ಉಚ್ಚೆ ಬಾಚಿದೋರು ನೀವು. ನಾನು ಹಬ್ಬಕ್ಕೊಂದ್ ಸಲ ಬಂದು, ತಲೆ ಸವರಿ, ಕಿತ್ಲೆಹಣ್ಣು ಇಟ್ಟು ಹೋದೋಳು. ನಿಮ್ಮನ್ನ ಏನಂತ ಬೈಲಿ ನಾನು? ಹೇಳಿ ಅತ್ಗೆ, ಏನಂತ ಬೈಲಿ?" ಕೊನೆಯ ಅಂಚನ್ನು ಕೂಡಿಸಿದಳು. "ಅವ್ವ ಪಡೋ ಪಾಡು ನೋಡಕಾಗ್ದೆ ಹಾಕಿದ್ರಿ. ಅಲ್ವಾ?"

ಇಲ್ಲ, ಒಂದು ಪೌಡರ್ ಡಬ್ಬಿಗೆ ಹಾಕಿದೆ. ಈ ಮಾತು ತುಟಿಯವರೆಗೆ ಬಂದಿತ್ತು. ಶಶಿಕಲಾಳ ಮುಖ ಅವಳ ಮುಂದೆ ಒಡ್ಡಿಕೊಂಡು ಬೇಡುತ್ತಿತ್ತು, ಹೂಂ ಅನ್ನು, ಹೂಂ ಅಂದುಬಿಡು ಎಂದು. ಹೂಂ ಅಂದರೆ ಯಾರಿಗೆ ಒಳ್ಳೆಯದು, ಬೇಡುವವಳಿಗೋ ತನಗೋ, ಬಿಡಿಸಿ ನೋಡುವಷ್ಟು ಹೊತ್ತು ಇರಲಿಲ್ಲ.

"ಹೂಂ," ಎಂದಳು.

ಶಶಿಕಲಾ ಎದ್ದು ಮಲಗಪ್ಪನ ಉದ್ದಕ್ಕೂ ವಾಪಸು ನಡೆದಳು. ಮಂಗಳಗೌರಿ ಜೊತೆಗೆ ಹೋಗಲು ಹೆಜ್ಜೆಯಿಟ್ಟಾಗ, ತಿರುಗದೆಯೇ, "ನೀವು ಅಲ್ಲೇ ಇರಿ," ಎಂದಳು. ಅರಿಶಿನದ ಕಲ್ಲಿಗೆ ದುಪ್ಪಟಿ ಹೊದಿಸಿ, ಚಳಿಗಾಲದಲ್ಲಿ ಮಕ್ಕಳಿಗೆ ಒತ್ತಿಕೊಡುವ ಹಾಗೆ ಅಂಚುಗಳನ್ನು ಎರಡೂ ಕಡೆ ಒತ್ತಿ, ಕಲ್ಲಿಗೆ ಕೆನ್ನೆ ಕೊಟ್ಟು ಬಹಳ ಹೊತ್ತು ಏನೋ ಹೇಳಿಕೊಂಡಳು. ಮಂಗಳಗೌರಿ ನದಿಯ ತುದಿಯಲ್ಲಿ ಒಬ್ಬಳೇ ನಿಂತಿದ್ದಳು, ಆ ಬೆನ್ನು ಮಾಡಿದವನ ಪಕ್ಕದಲ್ಲಿ. ಅವನು ನೋಡುತ್ತಿದ್ದ ಕಡೆಯೇ ತಾನೂ ನೋಡಿದಳು. ಹೋದ ವರ್ಷ ಕಂದುಪಟ್ಟಿಯ ದುಪ್ಪಟಿ ನೀರಿನಲ್ಲಿ ಒಂದು ಸುತ್ತು ತಿರುಗಿ, ಗಾಳಿ ತುಂಬಿಕೊಂಡು ಉಬ್ಬಿ, ಮುಳುಗಲೊಲ್ಲದೆ ಆ ಎರಡನೆಯ ಬಂಡೆಗೆ ತಗುಲಿಕೊಂಡಿತ್ತು. ಮುಳುಗುವವರೆಗೆ ಕಾಯದೆ ಅವಳು ಬಸ್ಸಿಗೆ ಓಡಿದ್ದಳು. ಈಗ ಆ ಬಂಡೆಯ ಮೇಲೆ ಬೆಳ್ಳಕ್ಕಿ ಕೂತಿತ್ತು.

ಶಶಿಕಲಾ ದುಪ್ಪಟಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು, ಆಟೋ ಹಿಡಿದು ಇಬ್ಬರೂ ಅಮೃತೂರಿಗೆ ಬಂದರು. ಅಮೃತೂರಿನ ಬಸ್ಸಿನಲ್ಲಿ ಶಶಿಕಲಾ ಕಿಟಕಿಗೆ ಕೂತು ಚೀಲವನ್ನು ಇಬ್ಬರ ನಡುವೆ ಇಟ್ಟಳು. ಮಧ್ಯಾಹ್ನದ ಬಸ್ಸು, ಕಾಲೇಜಿನ ಹುಡುಗಿಯರು, ಸಂತೆಗೆ ಹೋಗುವವರು, ಎಲ್ಲರೂ ನಿಂತಿದ್ದರೂ ಆ ಚೀಲವನ್ನು ಯಾರೂ ತೆಗೆಯಿರಿ ಎನ್ನಲಿಲ್ಲ. ರೋಡ್ ಹಂಪು ದಾಟುವಾಗ ಚೀಲ ಮಂಗಳಗೌರಿಯ ಸೊಂಟಕ್ಕೆ ಬಡಿಯುತ್ತಿತ್ತು. ಕುಣಿಗಲ್ಲಿನ ದೊಡ್ಡ ಕೆರೆ ಕಾಣಿಸಿಕೊಂಡಾಗ ಶಶಿಕಲಾ ಕಿಟಕಿಯ ಆಚೆಗೇ ನೋಡುತ್ತ ಕೇಳಿದಳು: "ಕಾಲ್ದೆಸೆಗೆ ಹಾಕಿದ್ರೆ ನದಿಗೆ ಬಿಡಬೇಕಲ್ಲ. ಮತ್ತೆ ಅವ್ವ ಕಣ್ಣು ಮುಚ್ಚೋವಾಗ ಹೊದ್ದಿದ್ದು?"

"ಇಲ್ಲೇ ಬಸ್ ಸ್ಟಾಂಡಿನ ಹತ್ರ ತಗೊಂಡೆ. ಅಂಥದ್ದೇ."

ಶಶಿಕಲಾ ಚೀಲದ ಹಿಡಿಯನ್ನು ಸರಿಮಾಡುತ್ತ, "ಅವ್ವಂಗೆ ಗೊತ್ತಾಯ್ತಾ?"

ಬಸ್ಸು ಯಾರಿಗೋ ನಿಲ್ಲಿಸಿ ಮತ್ತೆ ಹೊರಟಿತು. ಕಂಡಕ್ಟರು ಬಾಗಿಲಿಗೆ ಬಡಿದು ರೈಟ್ ಎಂದ.

"ಇಲ್ಲ," ಎಂದಳು ಮಂಗಳಗೌರಿ. "ಗೊತ್ತಾಗ್ಲಿಲ್ಲ. ನಿದ್ದೇಲಿದ್ರು."

ಶಶಿಕಲಾ ತಲೆಯಾಡಿಸಿದಳು. ಕಣ್ಣೊರೆಸಿಕೊಂಡಳು. ಸದ್ಯ, ಅಷ್ಟಾದರೂ, ಎಂದು ಅವಳ ಹೆಗಲು ಇಳಿಯಿತು. ಮುಂದಿನ ತಿರುವಿನಲ್ಲಿ ಒಬ್ಬಳು ಬಸುರಿ ಹೆಂಗಸು ಹತ್ತಿದಳು. ಶಶಿಕಲಾ ಸರಿದು, ನಡುವಿನ ಚೀಲವನ್ನು ಎತ್ತಿ, ಒಂದು ಗಳಿಗೆ ಕೈಯಲ್ಲೇ ಹಿಡಿದು, ಆಮೇಲೆ ಅದನ್ನು ಮಂಗಳಗೌರಿಯ ತೊಡೆಯ ಮೇಲೆ ಇಟ್ಟಳು. "ಗಟ್ಟಿಯಾಗ್ ಹಿಡ್ಕೊಳ್ಳಿ," ಎಂದಳು. "ಬೆಳಗಿಂದ ಹೊತ್ತು ನನ್ ತೋಳು ಬಿದ್ದೋಗಿದೆ."

ಮಂಗಳಗೌರಿ ಹಿಡಿದುಕೊಂಡ ಚೀಲದ ಬಾಯಿಂದ ಆ ವಾಸನೆ ನೇರ ಅವಳ ಮುಖಕ್ಕೆ ಬಂತು. ಈ ಸಲ ಅನುಮಾನವಿರಲಿಲ್ಲ. ಅವಳ ಮನೆಯ ವಾಸನೆಯೇ, ನಾಲ್ಕು ವರ್ಷ ಮೈಗಂಟಿದ್ದದ್ದು. ಅವತ್ತು ಗುಡ್ಡದಿಂದ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಕಿಟಕಿಯ ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಹೊಸ ದುಪ್ಪಟಿ ಹೊದಿಸಿ, ಅಂಚು ಒತ್ತಿ, ತಾನು ಹೊರಡಬೇಕು ಎನ್ನುವಷ್ಟರಲ್ಲಿ ತಿಪ್ಪಮ್ಮ ಸುಕ್ಕುಗಟ್ಟಿದ ಕೈಯಿಂದ ಅಂಚನ್ನು ಮೇಲಕ್ಕೆಳೆದುಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. ಕಣ್ಣು ತೆರೆದು ಸೊಸೆಯನ್ನು ನೋಡಿದಳು, ನೋಡಿ, ಗೋಡೆಯ ಕಡೆ ಮುಖ ಮಾಡಿದಳು. "ಬೆಚ್ಚಗದೆ ಬುಡು," ಎಂದಳು. ಮಂಗಳಗೌರಿ ಬಾಗಿಲು ದಾಟಿದ್ದಳು, ಆಗ ಹಿಂದಿನಿಂದ, ತನಗೇ ಹೇಳಿಕೊಳ್ಳುವ ಹಾಗೆ, ಇನ್ನೊಂದು ಮಾತು ಬಂತು.

"ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ ಗೌರೀ."